ಪಿಕಪ್ಪಿಗೆ ಹಲ್ಲಿಲ್ಲ

ಹಳೆಯ ಪಿಕಪ್ ಮಾರುವವರ ಮಾತನ್ನು ನಂಬುವುದಾದರೆ, ಈ ಭೂಮಿಯ ಮೇಲೆ ಎರಡನೇ ಮಾಲೀಕ ಅನ್ನುವವನು ಇನ್ನೂ ಹುಟ್ಟಿಲ್ಲ. ಆದವಾನಿ, ಎಮ್ಮಿಗನೂರು, ಸಿರುಗುಪ್ಪ, ಬಳ್ಳಾರಿ, ರಾಯಚೂರು, ಎಲ್ಲಿಗೆ ಹೋದರೂ ಊರ ಹೊರಗಿನ ರಸ್ತೆ ಬದಿಯಲ್ಲಿ ‘ಆಟೋ ಕನ್ಸಲ್ಟೆನ್ಸಿ’ ಅಂತ ಒಂದು ಬೋರ್ಡು, ಬೋರ್ಡಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಹಿಂದೆ ಸಾಲಾಗಿ ನಿಂತ ಗಾಡಿಗಳು. ಅಷ್ಟೂ ಸಿಂಗಲ್ ಓನರ್. ಅಷ್ಟೂ ಶೋರೂಂ ಕಂಡೀಷನ್. ಅಷ್ಟರದ್ದೂ ಎಫ್‌ಸಿ ಕರೆಂಟು, ಇನ್ಶೂರೆನ್ಸ್ ಕರೆಂಟು. ‘ಲೋಡಿಗೆ ಹೊಡ್ದೇ ಇಲ್ಲ ಸರ್, ಮನಿ ಬಳಕಿಗೆ ಇಟ್ಕೊಂಡಿದ್ರು’ ಅನ್ನುತ್ತಾರೆ ಕುರ್ಚಿಯವರು. ಒಂದೂಕಾಲು ಟನ್ ಹೊರುವ ಗಾಡಿಯನ್ನು ಮನೆ ಬಳಕೆಗೆ ಇಟ್ಟುಕೊಂಡಿದ್ದ ಆ ಸಂಸಾರ ವಾರದ ಸಂತೆಯಿಂದ ಏನೇನು ತರುತ್ತಿತ್ತು ಅಂತ ನನಗೆ ಯಾವಾಗಲೂ ಕುತೂಹಲ. ಕೇಳಿದರೆ ಟೀ ತರಿಸುತ್ತಾರೆ. ಈ ವ್ಯಾಪಾರದಲ್ಲಿ ಉತ್ತರವಿಲ್ಲದ ಪ್ರಶ್ನೆಗೆಲ್ಲ ಟೀ ಬರುತ್ತದೆ.

ನನ್ನ ಅಕ್ಕನ ಮಗ ಪೆದ್ದಕಡುಬೂರಿನಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಾನೆ. ಬಿಡಿಸಿದ ಹತ್ತಿಯನ್ನು ಆದವಾನಿ ಮಾರ್ಕೆಟ್ ಯಾರ್ಡಿಗೆ ಸಾಗಿಸುವ ಬಾಡಿಗೆಯ ಲೆಕ್ಕ ಹಾಕಿ ಹಾಕಿ, ತಾನು ಬಾಡಿಗೆ ಕೊಡುವ ಕಡೆ ಇರುವುದಕ್ಕಿಂತ ತೆಗೆದುಕೊಳ್ಳುವ ಕಡೆ ಇರುವುದು ಒಳ್ಳೆಯದು ಅಂತ ಅವನಿಗೆ ಅನ್ನಿಸಿತು. ಹೊಸ ಗಾಡಿಗೆ ದುಡ್ಡಿಲ್ಲ, ಹಳೆಯ ಗಾಡಿಗೆ ಧೈರ್ಯವಿಲ್ಲ. ಧೈರ್ಯಕ್ಕೆ ಅಂತ ಇಬ್ಬರು ದೊಡ್ಡವರನ್ನು ಜೊತೆಗೆ ಕರೆದುಕೊಂಡ. ಒಬ್ಬ ನಾನು, ಕನ್ನಡ ಶಾಲೆಯ ರಿಟೈರ್ಡ್ ಮೇಷ್ಟ್ರು. ಗಾಡಿಗೂ ನನಗೂ ಇರುವ ಸಂಬಂಧವೆಂದರೆ ಅದರ ಬೆನ್ನಿಗೆ ಬರೆದದ್ದನ್ನು ಓದಿ ಕಾಗುಣಿತ ತಿದ್ದುವುದು. ಇನ್ನೊಬ್ಬರು ನಮ್ಮ ದೊಡ್ಡಪ್ಪ, ಅಳಿಯನಿಗೆ ತಾತ. ಜೀವಮಾನದಲ್ಲಿ ಸ್ಟೀರಿಂಗು ಮುಟ್ಟಿದವರಲ್ಲ. ಆದರೆ ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋಗುವವರು ಒಂದು ಕಾಲಕ್ಕೆ ಇವರನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು.

ಎತ್ತು ಕೊಳ್ಳುವುದು ನಮ್ಮ ಎರೆ ಸೀಮೆಯಲ್ಲಿ ಹುಡುಗಾಟವಾಗಿರಲಿಲ್ಲ. ಮೊದಲು ಹಲ್ಲು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ. ಎತ್ತಿನ ಬಾಯಿ ತೆರೆದು ನೋಡಿದರೆ ಅದರ ಜಾತಕ ಅಲ್ಲೇ ಇರುತ್ತದೆ, ಯಾವ ದಲ್ಲಾಳಿಗೂ ತಿದ್ದಲಿಕ್ಕೆ ಬರುವುದಿಲ್ಲ. ಆಮೇಲೆ ಸುಳಿ: ಯಾವ ಜಾಗದ ಸುಳಿ ಮನೆ ಉದ್ಧಾರ ಮಾಡುತ್ತದೆ, ಯಾವುದು ಮನೆಯ ಯಜಮಾನನನ್ನೇ ಕಟ್ಟಿಗೆ ಏರಿಸುತ್ತದೆ ಅನ್ನುವ ವಿದ್ಯೆ. ಆಮೇಲೆ ಗೊರಸು, ಇಣಿ, ಬಾಲ, ಕೊನೆಗೆ ನಡಿಗೆ. ಇಷ್ಟೆಲ್ಲ ನೋಡಿ ಮುಗಿದ ಮೇಲೆ ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ರೇಟು ಮಾತಾಡುವುದು. ಸುತ್ತ ನೂರು ಜನ ನಿಂತಿದ್ದರೂ ಎಷ್ಟಕ್ಕೆ ಹೋಯಿತು ಅನ್ನುವುದು ನಾಲ್ಕು ಕಣ್ಣಿಗೆ ಬಿಟ್ಟು ಇನ್ನಾರಿಗೂ ಗೊತ್ತಾಗುತ್ತಿರಲಿಲ್ಲ.

ಆದವಾನಿಯಲ್ಲಿ ಮೊದಲ ಪಿಕಪ್ಪಿನ ಮುಂದೆ ನಿಂತಾಗ ದೊಡ್ಡಪ್ಪ ಅದನ್ನು ಒಂದು ಸುತ್ತು ಹಾಕಿ, ಬಾನೆಟ್ಟು ತೆಗೆಸಿ, ಒಳಗೆ ಬಗ್ಗಿ ನೋಡಿ, ಅಳಿಯನನ್ನು ಕೇಳಿದರು: ‘ಇದರ ಹಲ್ಲು ಎಲ್ಲೈತಿ?’

ಅಳಿಯ ಮೀಟರು ತೋರಿಸಿದ. ಅರವತ್ತೆರಡು ಸಾವಿರ ಕಿಲೋಮೀಟರು ಅಂತಿತ್ತು. ಪಕ್ಕದಲ್ಲಿ ನಿಂತಿದ್ದ ನಮ್ಮ ಮೆಕ್ಯಾನಿಕ್ ಮೇಸ್ತ್ರಿ ನಗಲಿಲ್ಲ; ಇಂಥ ಜಾಗದಲ್ಲಿ ನಗುವುದು ಅವನ ವೃತ್ತಿಗೆ ಸಲ್ಲದು. ಬಗ್ಗಿ ಕ್ಲಚ್ ಪೆಡಲ್ಲಿನ ರಬ್ಬರು ತೋರಿಸಿದ. ಗೆರೆಗಳೆಲ್ಲ ಸವೆದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಅರವತ್ತೆರಡು ಸಾವಿರಕ್ಕೆ ಆ ರಬ್ಬರು ಸವೆಯಬೇಕಾದರೆ ಡ್ರೈವರು ಕಾಲಿಗೆ ಅರ ಕಟ್ಟಿಕೊಂಡು ಓಡಿಸಿರಬೇಕು. ಆಮೇಲೆ ಟೈರು. ಟೈರಿನ ಪಕ್ಕದಲ್ಲಿ ಒಂದು ಸಣ್ಣ ಉದ್ದುರುಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3218 ಅಂತಿದ್ದರೆ 2018ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಈ ಗಾಡಿಯ ಆರ್‌ಸಿ 2019ರದ್ದು, ‘ಕಂಪನಿ ಟೈರು ಸರ್, ಇನ್ನೂ ಬದಲಾಯಿಸಿಲ್ಲ’ ಅನ್ನುತ್ತಿದ್ದ ಟೈರುಗಳು 2015ರವು. ಗಾಡಿ ಹುಟ್ಟುವ ನಾಲ್ಕು ವರ್ಷ ಮೊದಲೇ ಅದರ ಕಾಲು ಹುಟ್ಟಿದ್ದವು. ದೊಡ್ಡಪ್ಪ ಇದನ್ನು ಕೇಳಿ ಮೇಸ್ತ್ರಿಯನ್ನು ಮೊದಲ ಸಲ ಗೌರವದಿಂದ ನೋಡಿದರು. ಹಲ್ಲು ಬಾಯಲ್ಲೇ ಇರಬೇಕೆಂದಿಲ್ಲ ಅನ್ನುವುದು ಅವರಿಗೆ ಖಾತ್ರಿಯಾಯಿತು.

ನಮ್ಮ ಕಡೆ ಸಾಮಾನು ಹೊರುವ ಗಾಡಿಗಳ ಚರಿತ್ರೆ ದೊಡ್ಡದೇನಲ್ಲ. ಬೊಂಬಾಯಿ–ಮದ್ರಾಸು ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಆದವಾನಿಯ ಹತ್ತಿಗೆ ದೂರದ ದಾರಿ ತೆರೆಯಿತು. ಆದರೆ ಹೊಲದಿಂದ ಆದವಾನಿಯವರೆಗಿನ ದಾರಿ ಬಂಡಿಯದೇ ಆಗಿ ಉಳಿಯಿತು. ಬಂಡಿಯ ಮರದ ಗಾಲಿಗೆ ಟೈರು ಬಂತು, ಟ್ರ್ಯಾಕ್ಟರ್ ಬಂತು, ಮೂರು ಗಾಲಿಯ ಲಗೇಜ್ ಆಟೋ ಬಂತು. 2005ರ ಮೇ ತಿಂಗಳಲ್ಲಿ ಟಾಟಾದವರು ಏಸ್ ಬಿಟ್ಟರು. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್ನು, ಮುಕ್ಕಾಲು ಟನ್ನು ಭಾರ, ನಾಲ್ಕು ಗಾಲಿ. ಗಿರೀಶ್ ವಾಘ್ ಅನ್ನುವ ಎಂಜಿನಿಯರ ತಂಡ ಅದನ್ನು ಮಾಡುವ ಮೊದಲು ಮೂರು ಗಾಲಿಯವರ ಹತ್ತಿರವೇ ಹೋಗಿ ಏನು ಬೇಕಪ್ಪ ಅಂತ ಕೇಳಿತ್ತಂತೆ. ಆ ಚೋಟಾ ಹಾಥಿ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಮೂರು ಗಾಲಿಯವನಿಗಿಂತ ನಾಲ್ಕು ಗಾಲಿಯವನಿಗೆ ಹೆಣ್ಣು ಬೇಗ ಸಿಗತೊಡಗಿದ್ದನ್ನು ನಾನೇ ಕಂಡಿದ್ದೇನೆ. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು, 2016ರಲ್ಲಿ ಮಾರುತಿಯೂ ಸೂಪರ್ ಕ್ಯಾರಿ ಅಂತ ಈ ಕಣಕ್ಕೆ ಇಳಿಯಿತು. ಆದರೂ ನಮ್ಮ ಸೀಮೆಯಲ್ಲಿ ‘ಪಿಕಪ್’ ಅಂದರೆ ಮಹೀಂದ್ರ ಬೊಲೆರೋ ಪಿಕಪ್ಪೇ. ಕಾರಣ ಕೇಳಿದರೆ ಯಾರೂ ಎಂಜಿನ್ನಿನ ಗುಣಗಾನ ಮಾಡುವುದಿಲ್ಲ. ‘ರಾತ್ರಿ ಎಂಟಕ್ಕೂ ಆದವಾನ್ಯಾಗ ಸಾಮಾನು ಸಿಗ್ತೈತಿ’ ಅನ್ನುತ್ತಾರೆ.

ಈ ಮಾತನ್ನು ನಾನು ಮೊದಲು ಹಗುರವಾಗಿ ಕೇಳಿದ್ದೆ. ಆದರೆ ಅಳಿಯನ ಜೊತೆ ತಿರುಗುತ್ತಾ ಹೋದಂತೆ ನಂಬಿಕಸ್ಥ ಗಾಡಿ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಬಾನೆಟ್ಟಿನ ಒಳಗಿಲ್ಲ, ಹೊರಗಿದೆ ಅನ್ನಿಸತೊಡಗಿತು. ಮೆಣಸಿನಕಾಯಿ ತುಂಬಿಕೊಂಡು ಹೊರಟ ಗಾಡಿ ಮಾಧವರಂ ದಾರಿಯಲ್ಲಿ ನಿಂತರೆ ಎಷ್ಟು ಹೊತ್ತಿಗೆ ಮೇಸ್ತ್ರಿ ಬರುತ್ತಾನೆ, ಅವನಿಗೆ ಬೇಕಾದ ಕ್ರಾಸು, ಬೇರಿಂಗು, ಬೆಲ್ಟು ಎಷ್ಟು ಹತ್ತಿರ ಸಿಗುತ್ತದೆ, ಅವನು ಅದನ್ನು ಕಣ್ಣು ಮುಚ್ಚಿ ಬಿಚ್ಚಬಲ್ಲನೇ, ಇದರಲ್ಲೇ ಎಲ್ಲವೂ ಇದೆ. ಕೆಡದ ಗಾಡಿ ಅಂತ ಯಾವುದೂ ಇಲ್ಲ. ಕೆಟ್ಟಲ್ಲಿಯೇ ರಿಪೇರಿಯಾಗುವ ಗಾಡಿ ಇದೆ.

ಅದಕ್ಕೇ ನಮ್ಮ ಮೇಸ್ತ್ರಿಗಳಿಗೆ ಹಳೆಯ ಬಿಎಸ್ 3 ಗಾಡಿಗಳ ಮೇಲೆ ಇನ್ನೂ ಮಮತೆ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್ 3 ವಾಹನ ಮಾರಬಾರದು ಅಂತ ಹೇಳಿದಾಗ ಉಳಿದ ಎರಡು ದಿನದಲ್ಲಿ ಕಂಪನಿಗಳು ರಿಯಾಯಿತಿ ಸುರಿದು ಸ್ಟಾಕು ಖಾಲಿ ಮಾಡಲು ಒದ್ದಾಡಿದ್ದು ನೆನಪಿರಬಹುದು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಗಾಳಿಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಪ್ಯಾನರು ಹಿಡಿದು ಬೆಳೆದ ಮೇಸ್ತ್ರಿ ಸ್ಕ್ಯಾನರು ಹಿಡಿಯಬೇಕಾಯಿತು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುವ ಹೊಸ ಡೀಸೆಲ್ ಗಾಡಿಗಳಿಗೆ ಆಗಾಗ ದೂರದ ಓಟ ಬೇಕು; ಬಿಸಿಯಾಗಿ ಮಸಿ ಸುಟ್ಟುಹೋಗಬೇಕು. ಹೊಲದಿಂದ ಊರಿಗೆ, ಊರಿಂದ ಹೊಲಕ್ಕೆ ಅಂತ ಓಡಾಡಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಳ್ಳುತ್ತದೆ. ‘ಗಾಡೀನ ದುಡಿಸಿದ್ದು ಸಾಲದೂಂತ ವಾಕಿಂಗ್ ಬ್ಯಾರೆ ಕರ್ಕಂಡು ಹೋಗಬೇಕು’ ಅಂದ ಮೇಸ್ತ್ರಿ.

ಅವನು ಗಾಡಿ ನೋಡುವ ಕ್ರಮ ನೋಡಲಿಕ್ಕೇ ಚೆಂದ. ಬೆಳಿಗ್ಗೆ, ಹೇಳದೇ ಕೇಳದೇ ಹೋಗಬೇಕು ಅನ್ನುವುದು ಅವನ ಮೊದಲ ಪಟ್ಟು. ‘ಬರ್ತೀವಿ’ ಅಂತ ಫೋನು ಮಾಡಿದರೆ ಎಂಜಿನ್ನು ಬಿಸಿ ಮಾಡಿ ಇಟ್ಟಿರುತ್ತಾರೆ. ಹೋದವನೇ ಮಾತಾಡುವ ಮೊದಲು ಬಾನೆಟ್ಟಿನ ಮೇಲೆ ಕೈ ಇಡುತ್ತಾನೆ, ಜ್ವರ ನೋಡುವವರ ಹಾಗೆ. ತಣ್ಣಗಿದ್ದರೆ ಸೆಲ್ಫ್ ಹೊಡೆಯಲು ಹೇಳುತ್ತಾನೆ. ಒಂದೇ ಏಟಿಗೆ ಹತ್ತಿಕೊಳ್ಳಬೇಕು. ಹಿಂದೆ ಹೋಗಿ ಹೊಗೆ ನೋಡುತ್ತಾನೆ: ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಪಂಪು ನಾಜಲ್ಲಿನ ಖರ್ಚು, ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ದೊಡ್ಡ ಖರ್ಚು, ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮನೆಗೆ ಹೋಗುವುದು ಲೇಸು. ಆಮೇಲೆ ಎಂಜಿನ್ನು ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಯುತ್ತಾನೆ. ಭುಸುಭುಸು ಅಂತ ಗಾಳಿ ಹೊಗೆ ಎದ್ದು ಬಂದರೆ ಅದು ‘ಬ್ಯಾಕ್ ಕಂಪ್ರೆಶನ್’, ಪಿಸ್ಟನ್ ರಿಂಗು ಸವೆದ ಲಕ್ಷಣ. ಮುಚ್ಚಳದ ಒಳಗೆ ಹಾಲು ಹಾಕಿದ ಟೀ ಬಣ್ಣದ ನೊರೆ ಕಂಡರೆ ಆಯಿಲ್ಲಿಗೆ ನೀರು ಸೇರಿದೆ. ಅಂಥ ಗಾಡಿಯ ಹತ್ತಿರ ನಿಜವಾದ ಟೀ ಕುಡಿಯಲೂ ಅವನು ನಿಲ್ಲುವುದಿಲ್ಲ.

ಕೊನೆಯ ಪರೀಕ್ಷೆಗೆ ಅಳಿಯನನ್ನು ಪಿಕಪ್ಪಿನಲ್ಲಿ ಮುಂದೆ ಬಿಟ್ಟು ತಾನು ಬೈಕಿನಲ್ಲಿ ಹಿಂದೆ ಹೋಗುತ್ತಾನೆ. ಚಾಸಿಸ್ ಸೊಟ್ಟಗಾದ ಗಾಡಿ ನೇರ ರಸ್ತೆಯಲ್ಲೂ ಸ್ವಲ್ಪ ಓರೆಯಾಗಿ ಓಡುತ್ತದಂತೆ. ಮುಂದಿನ ಗಾಲಿಯ ಜಾಡೇ ಬೇರೆ, ಹಿಂದಿನ ಗಾಲಿಯ ಜಾಡೇ ಬೇರೆ. ಒಳಗೆ ಕೂತವನಿಗೆ ಇದು ತಿಳಿಯುವುದಿಲ್ಲ, ಹಿಂದಿನಿಂದ ನೋಡಿದವನಿಗೇ ಕಾಣಬೇಕು. ದೊಡ್ಡಪ್ಪ ಇದನ್ನು ಕೇಳಿ, ‘ಅದನ್ನೇ ನಾವು ನಡಿಗಿ ಅಂತಿದ್ವಿ’ ಅಂದರು. ಅವತ್ತಿನಿಂದ ಇಬ್ಬರೂ ಒಂದೇ ಬೀಡಿ ಕಟ್ಟಿನಲ್ಲಿ ಸೇದತೊಡಗಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಿಂದಿನ ತೊಟ್ಟಿ ಓದುವ ವಿದ್ಯೆ. ಓದು ಅಂದರೆ ನನ್ನ ಕಸುಬೇ ತಾನೆ. ಪಿಕಪ್ಪಿನ ತೊಟ್ಟಿಯಲ್ಲಿ ಅದು ಇಷ್ಟು ವರ್ಷ ಏನು ಹೊತ್ತಿತು ಅನ್ನುವುದು ದಾಖಲಾಗಿರುತ್ತದೆ. ಹತ್ತಿ ಹೊತ್ತ ಗಾಡಿಗೆ ಪಕ್ಕದ ಹಲಗೆಗಳು ಹೊರಕ್ಕೆ ಬಾಗಿರುತ್ತವೆ, ಎತ್ತರಕ್ಕೆ ಕಬ್ಬಿಣದ ಆಂಗಲ್ಲು ವೆಲ್ಡ್ ಮಾಡಿರುತ್ತಾರೆ. ಅಂಡಿಗೆಗಳು ಗಾತ್ರಕ್ಕೆ ದೊಡ್ಡವು, ತೂಕಕ್ಕೆ ಹಗುರ. ಅದರಿಂದ ಕಮಾನು ಪಟ್ಟಿ ಚೆನ್ನಾಗಿಯೇ ಇರುತ್ತದೆ. ಉಳ್ಳಾಗಡ್ಡಿ ಹೊತ್ತ ಗಾಡಿಯ ತಗಡು ಒಳಗಿಂದ ತುಕ್ಕು ಹಿಡಿದಿರುತ್ತದೆ, ಎಷ್ಟು ತೊಳೆದರೂ ಬಿಸಿಲಿಗೆ ನಿಲ್ಲಿಸಿದರೆ ವಾಸನೆ ನಿಜ ಹೇಳುತ್ತದೆ. ಮರಳು ಹೊಡೆದ ಗಾಡಿ ಎಲ್ಲಕ್ಕಿಂತ ಅಪಾಯ. ಕಂಪನಿ ಕೊಟ್ಟ ಪಟ್ಟಿಗಳ ಮೇಲೆ ಇನ್ನಷ್ಟು ಪಟ್ಟಿ ಪೇರಿಸಿರುತ್ತಾರೆ. ‘ಎಕ್ಸ್ಟ್ರಾ ಪಟ್ಟಿ ಹಾಕಿಸಿದೀವಿ ಸರ್, ಸ್ಟ್ರಾಂಗ್ ಐತಿ’ ಅಂತ ಮಾರುವವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಗಾಡಿ ಎಷ್ಟು ನರಳಿದೆ ಅನ್ನುವುದಕ್ಕೆ ಅವರೇ ಕೊಟ್ಟ ಲಿಖಿತ ಹೇಳಿಕೆ. ಶಾಮಿಯಾನ, ಡಿಜೆ ಹೊತ್ತ ಗಾಡಿ ಹೊರಗೆ ಮದುಮಗನ ಹಾಗೆಯೇ ಇರುತ್ತದೆ, ಆದರೆ ಡ್ಯಾಶ್‌ಬೋರ್ಡಿನ ಕೆಳಗೆ ವೈರುಗಳ ಒಂದು ಕಾಡು. ಹಾರನ್ನು ಒತ್ತಿದರೆ ವೈಪರು ಆಡಿದ್ದನ್ನು ನಾನೇ ನೋಡಿದೆ. ಹಾಲಿನ ಗಾಡಿ ಓಡಿರುವುದು ಜಾಸ್ತಿ, ಬೆಳಗಿನ ಜಾವ ದಿನವೂ ಏಳಬೇಕು. ಆದರೆ ಒಂದು ದಿನ ನಿಂತರೆ ಹಾಲು ಒಡೆಯುತ್ತದೆ ಅನ್ನುವ ಭಯಕ್ಕೆ ಮಾಲೀಕ ಸರ್ವೀಸು ತಪ್ಪಿಸಿರುವುದಿಲ್ಲ. ಕಡಿಮೆ ಓಡಿದ ಮರಳು ಗಾಡಿಗಿಂತ ಎರಡರಷ್ಟು ಓಡಿದ ಹಾಲಿನ ಗಾಡಿ ಮೇಲು ಅನ್ನುವುದು ನಾನು ಈ ಓದಿನಿಂದ ಕಲಿತದ್ದು.

ಇನ್ನೊಂದು ಲೋಡು ಇದೆ, ತೊಟ್ಟಿಯಲ್ಲಿ ಗುರುತು ಬಿಡದ್ದು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಪೆದ್ದಕಡುಬೂರು, ಕೋಸಿಗಿ, ಕೌತಾಳಂ, ಮಂತ್ರಾಲಯದ ಹಳ್ಳಿಗಳಿಂದ ಜನ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ‘ಸುಗ್ಗಿಗೆ ಹೋಗ್ತೀವಿ’ ಅನ್ನುತ್ತಾರೆ. ಸುಗ್ಗಿ ನಮ್ಮದಲ್ಲ, ಗುಂಟೂರಿನವರದು. ಸಾಮಾನು ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ ಅಂತ ಗಾಡಿಯವನಿಗೂ ಗೊತ್ತು, ಹತ್ತುವವರಿಗೂ ಗೊತ್ತು. ಆದರೂ ರಾತ್ರಿ ಊಟದ ಹೊತ್ತಿಗೆ ಗಾಡಿಗಳು ಬಂದು ನಿಲ್ಲುತ್ತವೆ. ಜೋಳದ ಚೀಲ, ಪಾತ್ರೆ, ಹಾಸಿಗೆ ಸುರುಳಿ, ಕೋಳಿ, ಮಕ್ಕಳು. ಮರುದಿನ ನಾನು ಹಾಜರಿ ಕರೆಯುವಾಗ ಹೆಸರಿನ ಮುಂದೆ ಹೆಸರು ಖಾಲಿ ಬೀಳುತ್ತಾ ಹೋಗುತ್ತಿತ್ತು. ಕಾರ್ತಿಕದಲ್ಲಿ ಹೋದವರು ಯುಗಾದಿಗೆ ಬಂದರೆ ಬಂದರು. ಇವತ್ತಿಗೂ ಹಳೆಯ ಪಿಕಪ್ಪು ನೋಡಿದಾಗ ನನ್ನ ಕಣ್ಣು ತೊಟ್ಟಿಯ ಸರಳುಗಳ ಕಡೆಗೆ ಹೋಗುತ್ತದೆ, ಕೈ ಹಿಡಿದು ಹಿಡಿದು ಬಣ್ಣ ಹೋಗಿ ನುಣುಪಾದ ಜಾಗ ಇದೆಯೇ ಅಂತ. ಮೇಸ್ತ್ರಿ ಇದನ್ನು ನೋಡುವುದಿಲ್ಲ. ಇದರಿಂದ ಗಾಡಿಯ ಬೆಲೆ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಸರಿ, ಗಾಡಿಯ ಮಾತಿಗೆ ಬರೋಣ. ನಮ್ಮ ಕಡೆಯವರಿಗೆ ಕರ್ನಾಟಕದ ಗಾಡಿಯ ಮೇಲೆ ಒಂದು ಮೋಹ. ಮಾತು ಸಲೀಸು, ನೆಂಟರ ಪರಿಚಯ. ಡೀಸೆಲ್ಲಂತೂ ಗಡಿಯ ಆಚೆ ಅಗ್ಗ. ಆಂಧ್ರದ ಗಾಡಿಗಳು ಆ ಕಡೆ ಹೋದಾಗ ಟ್ಯಾಂಕು ತುಂಬಿಸಿಕೊಳ್ಳದೇ ಹಿಂತಿರುಗುವುದಿಲ್ಲ. ಹಾಗಂತ ಗಾಡಿಯನ್ನೇ ಅಲ್ಲಿಂದ ತರುವುದು ಬೇರೆ ಕಥೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಹಾಕಿಸಬೇಕು. ಅದಕ್ಕೆ ಮೊದಲು ಹಳೆಯ ಆರ್‌ಟಿಓ ಆಫೀಸಿನಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಹೇಳುವ ಎನ್‌ಓಸಿ. ಹೆಸರು ಬದಲಾವಣೆಗೆ ಫಾರಂ 29, 30. ಫೈನಾನ್ಸಿನ ಸಾಲ ಇದ್ದರೆ ಅದನ್ನು ತೆಗೆಸಲು ಫಾರಂ 35. ಅದೇ ರಾಜ್ಯದೊಳಗೆ ಮಾರಿದರೆ ಹದಿನಾಲ್ಕು ದಿನ, ಹೊರಗೆ ಮಾರಿದರೆ ನಲವತ್ತೈದು ದಿನದೊಳಗೆ ಮಾರಾಟದ ವಿಷಯ ತಿಳಿಸಬೇಕು. ಆಮೇಲೆ ತೆರಿಗೆ ಇಲ್ಲಿ ಮತ್ತೆ ಕಟ್ಟಬೇಕು.

ಇದನ್ನೆಲ್ಲ ಬಿಡಿಸಿ ಹೇಳಿದಾಗ ದೊಡ್ಡಪ್ಪನಿಗೆ ಸಿಟ್ಟು ಬಂತು. ಅವರು ಹುಟ್ಟಿದ್ದು ಬಳ್ಳಾರಿ ಜಿಲ್ಲೆ ಆದವಾನಿ ತಾಲೂಕಿನಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ದೊಡ್ಡಪ್ಪ ಮಾತ್ರ ಎದ್ದು ಎಲ್ಲಿಗೂ ಹೋಗಲಿಲ್ಲ. ‘ಸಿರುಗುಪ್ಪದಾಗಿಂದ ಎಷ್ಟು ಎತ್ತು ಹೊಡಕಂಡು ಬಂದೀನಿ. ಯಾವ ಎತ್ತಿಗೂ ಎನ್‌ಓಸಿ ಕೇಳಿಲ್ಲ ಯಾವನೂ’ ಅಂದರು. ಅದಕ್ಕೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಟೀ ಹೇಳಿದೆ.

ಕಾಗದದ ವಿಷಯದಲ್ಲಿ ಎರಡು ಒಳ್ಳೆಯ ಸುದ್ದಿಗಳೂ ಇವೆ, ಹೇಳಿಬಿಡುತ್ತೇನೆ. ಭಾರವೂ ಸೇರಿ ಒಟ್ಟು ತೂಕ ಮೂರು ಸಾವಿರ ಕಿಲೋ ದಾಟದ ಸಾಮಾನು ಗಾಡಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ಟು ಬೇಕಿಲ್ಲ. ಇನ್ನು ಲೈಸೆನ್ಸು. ಅಳಿಯನ ಹತ್ತಿರ ಇದ್ದದ್ದು ಕಾರಿನ ಲೈಸೆನ್ಸು, ಅದರಲ್ಲಿ ಪಿಕಪ್ಪು ಓಡಿಸಬಹುದೇ ಅನ್ನುವ ಅನುಮಾನ ಅವನಿಗೆ ಮಾತ್ರವಲ್ಲ, ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ಕೋರ್ಟುಗಳಿಗೂ ವರ್ಷಗಟ್ಟಲೆ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಏಳೂವರೆ ಸಾವಿರ ಕಿಲೋದೊಳಗಿನ ಸರಕು ಗಾಡಿಯನ್ನು ಹಗುರ ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ತೀರ್ಮಾನ ಹೇಳಿತು. ನಮ್ಮ ಅಳಿಯನಿಗಾಗಿ ಐವರು ಕೂತರು ಅಂತ ಅಕ್ಕ ಊರೆಲ್ಲ ಹೇಳಿಕೊಂಡು ಬಂದಳು.

ದುಡ್ಡಿನ ಮಾತು. ಹಳೆಯ ಗಾಡಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಿದ್ದ ಕಾಲದಲ್ಲಿ ಚೆನ್ನೈಯ ಆರ್. ತ್ಯಾಗರಾಜನ್ 1979ರಲ್ಲಿ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಶುರು ಮಾಡಿದರು. ಸ್ವಂತ ಗಾಡಿ ಬಯಸುವ ಡ್ರೈವರನಿಗೆ, ಅದೂ ಹಳೆಯ ಲಾರಿಗೆ, ಸಾಲ ಕೊಟ್ಟರೆ ವಾಪಸು ಬರುತ್ತದೆ ಅಂತ ನಂಬಿದ್ದು ಅವರ ವಿಶೇಷ. ಆ ದಾರಿಯಲ್ಲಿ ಈಗ ಬೇಕಾದಷ್ಟು ಕಂಪನಿಗಳಿವೆ. ಕಂತು ತಪ್ಪಿದವರ ಗಾಡಿಗಳನ್ನು ಹಿಡಿದು ನಿಲ್ಲಿಸುವ ಯಾರ್ಡುಗಳೂ ಇವೆ. ‘ಸೀಜಿಂಗ್ ಗಾಡಿ ಅಗ್ಗಕ್ಕೆ ಸಿಗ್ತೈತಿ’ ಅಂತ ಯಾರೋ ಹೇಳಿದ್ದಕ್ಕೆ ಅಂಥ ಒಂದು ಯಾರ್ಡಿಗೂ ಹೋದೆವು. ಧೂಳು ಹಿಡಿದ ಸಾಲುಗಳ ನಡುವೆ ಒಂದು ಪಿಕಪ್ಪು. ಬೆಲೆ ನಿಜಕ್ಕೂ ಕಡಿಮೆ, ಎಂಜಿನ್ನೂ ಪರವಾಗಿಲ್ಲ ಅಂದ ಮೇಸ್ತ್ರಿ. ಕನ್ನಡಿಯ ಹತ್ತಿರ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ, ಸೀಟಿನ ಮೇಲೆ ಒಂದು ಮಗುವಿನ ಚಪ್ಪಲಿ. ದೊಡ್ಡಪ್ಪ ಬಾಗಿಲು ಮುಚ್ಚಿ ಆಚೆ ಬಂದರು. ಸುಳಿ ಸರಿಯಿಲ್ಲ ಅಂದರು. ಯಾವ ಸುಳಿ ಅಂತ ಯಾರೂ ಕೇಳಲಿಲ್ಲ.

ನನ್ನ ಹಳೆಯ ಸಹೋದ್ಯೋಗಿಯ ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ನಾವು ಪಿಕಪ್ಪು ಹುಡುಕುತ್ತಿರುವುದು ಗೊತ್ತಾಗಿ ತನ್ನ ಪಿಕಪ್ಪಿನ ಫೋಟೋ ಕಳಿಸಿದ. ಫೋರ್ಡ್ ಎಫ್ 150. ಆ ದೇಶದಲ್ಲಿ 1977ರಿಂದೀಚೆಗೆ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು ಅದೇ ಸರಣಿಯದ್ದು. ನಮ್ಮ ಊರಿನ ಗುಡಿಯಷ್ಟು ದೊಡ್ಡದು, ಮಿರಮಿರ ಮಿಂಚುತ್ತಿತ್ತು. ಫೋಟೋವನ್ನು ದೊಡ್ಡದು ಮಾಡಿ ಮಾಡಿ ಮೇಸ್ತ್ರಿ ತೊಟ್ಟಿ ನೋಡಿದ. ಒಂದು ಗೀರಿಲ್ಲ. ಇದರಲ್ಲಿ ಏನು ಹಾಕುತ್ತೀರಿ ಅಂತ ನಾನು ಕೇಳಿದೆ; ಆಫೀಸಿಗೆ ಹೋಗ್ತೀನಿ ಅಂಕಲ್, ವೀಕೆಂಡಿನಲ್ಲಿ ಗಿಡದ ಕುಂಡ ತರ್ತೀವಿ ಅಂದ. ‘ಇದು ನೋಡ್ರಿ, ಮನಿ ಬಳಕಿ ಗಾಡಿ’ ಅಂದ ಮೇಸ್ತ್ರಿ. ಅಂತೂ ಅಂಥದ್ದೊಂದು ಪ್ರಪಂಚದಲ್ಲಿ ನಿಜವಾಗಿ ಇದೆ ಅಂತಾಯಿತು.

ಕೊನೆಗೆ ನಾವು ಕೊಂಡದ್ದು ಆದವಾನಿಯ ಆಚೆಯ ಒಂದು ಹಳ್ಳಿಯ ಹಾಲಿನ ಗಾಡಿ. ಆಂಧ್ರದ್ದೇ ನಂಬರು. ನೋಡಲಿಕ್ಕೆ ಏನೂ ಚೆಂದವಿಲ್ಲ, ಎಡಗಡೆ ಡೋರಿಗೆ ಬೇರೆ ಬಿಳಿ, ಬಲಗಡೆಗೆ ಬೇರೆ ಬಿಳಿ. ಮುಂಗಾಜಿನ ಮೇಲೆ ಉರುಕುಂದ ಈರಣ್ಣ ಸ್ವಾಮಿಯ ಹೆಸರು. ಬಾನೆಟ್ಟು ತಣ್ಣಗಿತ್ತು, ಹೊಗೆ ಬರಲಿಲ್ಲ, ಮುಚ್ಚಳ ತೆಗೆದರೆ ಗಾಳಿ ಏಳಲಿಲ್ಲ, ಹಿಂದಿನಿಂದ ನೋಡಿದರೆ ಓರೆ ಓಡಲಿಲ್ಲ. ಮೀಟರು ಒಂದು ಲಕ್ಷ ತೊಂಬತ್ತು ಸಾವಿರದ ಮೇಲೆ ತೋರಿಸುತ್ತಿತ್ತು, ಮಾಲೀಕ ಅದಕ್ಕೆ ನಾಚಿಕೊಳ್ಳಲೂ ಇಲ್ಲ. ಮೇಸ್ತ್ರಿ ತಲೆ ಆಡಿಸಿದ. ದೊಡ್ಡಪ್ಪ ಮಾತ್ರ ಗಾಡಿಯ ಹತ್ತಿರ ಬರಲೇ ಇಲ್ಲ. ನೀರು ಕುಡಿಯಬೇಕು ಅಂತ ಹೇಳಿ ಆ ಮನೆಯ ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ದನದ ಕೊಟ್ಟಿಗೆಯಲ್ಲಿ ನಿಂತು ಗ್ವಾದಲಿಯೊಳಗೆ ಕೈ ಹಾಕಿ ಸವರಿ ನೋಡುತ್ತಿದ್ದರು. ಎಮ್ಮೆಗಳ ಮೈ ತೊಳೆದಿತ್ತು, ಕಟ್ಟುವ ಹಗ್ಗ ಹೊಸದಾಗಿತ್ತು, ಗ್ವಾದಲಿಯಲ್ಲಿ ನಿನ್ನೆಯ ಕಸ ಇರಲಿಲ್ಲ. ‘ತಗಾ’ ಅಂದರು ಅಳಿಯನಿಗೆ. ‘ಗಾಡಿ ನೋಡ್ಲೇ ಇಲ್ಲಲ್ಲ ತಾತ’ ಅಂದ ಅವನು. ‘ನೋಡಿದ್ನೆಲ್ಲ ಈಗ’ ಅಂದರು.

ರೇಟಿನ ಮಾತು ಕನ್ನಡದಲ್ಲಿ ಶುರುವಾಗಿ, ಸಾವಿರದ ಲೆಕ್ಕಕ್ಕೆ ಬಂದಾಗ ತೆಲುಗಿಗೆ ತಿರುಗಿ, ಆಣೆ ಪ್ರಮಾಣದ ಹೊತ್ತಿಗೆ ಉರ್ದುವನ್ನೂ ಮುಟ್ಟಿ ಬಂತು. ಆದವಾನಿ ಕಡೆಯ ವ್ಯಾಪಾರವೇ ಹಾಗೆ. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈ ಮುಂದೆ ಚಾಚಿದರು. ಮಾಲೀಕನಿಗೆ ಮೂವತ್ತೈದು ವರ್ಷ, ಅದು ಏನೆಂದು ತಿಳಿಯದೆ ಕೈಕುಲುಕಿದ. ಹಾಗಾಗಿ ಬೆಲೆ ಊರಿಗೆಲ್ಲ ಗೊತ್ತಾಯಿತು.

ಗಾಡಿ ಬಂದ ವಾರ ಒಳ್ಳೆಯ ಮಳೆ. ಹಿಂದಿನ ಗಾಲಿಗೆ ಮಾತ್ರ ಶಕ್ತಿ ಹೋಗುವ ಖಾಲಿ ಪಿಕಪ್ಪು ಎರೆ ಹೊಲದ ದಾರಿಯಲ್ಲಿ ಏನು ಮಾಡುತ್ತದೋ ಅದನ್ನೇ ಇದೂ ಮಾಡಿತು. ಭಾರವಿಲ್ಲದ ಹಿಂಗಾಲಿ ತಿರುಗಿದಷ್ಟೂ ಇಳಿಯಿತು. ದೊಡ್ಡಪ್ಪನ ಎತ್ತುಗಳು ಬಂದು ಎಳೆದು ಹಾಕಿದವು. ಸುತ್ತ ನಿಂತವರಲ್ಲಿ ಕೆಲವರು ನಕ್ಕರು, ಎತ್ತುಗಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಈಗ ಅಳಿಯನಿಗೆ ನೆಂಟರು ಹೆಚ್ಚಾಗಿದ್ದಾರೆ. ಒಬ್ಬರಿಗೆ ಬೀರು ಸಾಗಿಸಬೇಕು, ಇನ್ನೊಬ್ಬರಿಗೆ ಮಗಳ ಮನೆಗೆ ಮಂಚ ಕಳಿಸಬೇಕು, ಶ್ರಾವಣದಲ್ಲಿ ಉರುಕುಂದಕ್ಕೆ ಹೋಗಲು ಈಗಿನಿಂದಲೇ ಓಣಿಯವರು ಜಾಗ ಹಿಡಿದಿದ್ದಾರೆ. ಜನ ತುಂಬಬಾರದು ಅಂತ ನಾನು ಕಾನೂನು ಹೇಳಿದರೆ ‘ದೇವರಿಗಲ್ಲೇನ್ರಿ ಮೇಷ್ಟ್ರೆ’ ಅನ್ನುತ್ತಾರೆ. ಬಾಡಿಗೆ ಅಂತ ಕೈಗೆ ಬಂದದ್ದು ಇನ್ನೂ ಕಡಿಮೆ. ಮೊನ್ನೆ ದೊಡ್ಡಪ್ಪನೂ ಬಂದರು. ಎತ್ತುಗಳಿಗೆ ಮೇವು ತರಬೇಕಿತ್ತು, ಜೋಳದ ಸೊಪ್ಪೆ, ಹೊಲ ಸ್ವಲ್ಪ ದೂರ. ಬಾಡಿಗೆ ಎಷ್ಟು ಅಂತ ಕೇಳಿದರು.

‘ನಿನ್ನತ್ರ ಏನು ತಗಳ್ಳದು ತಾತ’ ಅಂದ ಅಳಿಯ.

‘ಹಂಗಾದ್ರ ಎರಡು ಟ್ರಿಪ್ಪು’ ಅಂದರು ದೊಡ್ಡಪ್ಪ.